ಆನೆಯ ಕಣ್ಣು

ನಂಜನಗೂಡಿನ ಶ್ರೀಕಂಠೇಶ್ವರ ದೇವಸ್ಥಾನಕ್ಕೆ ಒಮ್ಮೆಯಾದರೂ ಹೋದವರಿಗೆ ಹಕೀಮ್ ನಂಜುಂಡನ ಕತೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಟಿಪ್ಪು ಸುಲ್ತಾನನ ಆನೆಗೆ ಕಣ್ಣುಬೇನೆ ಬಂತು. ಅರಮನೆಯ ಹಕೀಮರ ಮದ್ದು ನಾಟಲಿಲ್ಲ. ಯಾರೋ ಹೇಳಿದರೆಂದು ನಂಜುಂಡನಿಗೆ ಪೂಜೆ ಮಾಡಿಸಿದರು, ಆನೆಗೆ ಕಣ್ಣು ಬಂತು. ಸುಲ್ತಾನ ಸಂತೋಷಪಟ್ಟು ದೇವರನ್ನೇ ಹಕೀಮ್ ಎಂದು ಕರೆದು ಪಚ್ಚೆಯ ಲಿಂಗವನ್ನೂ ಪಚ್ಚೆಯ ಹಾರವನ್ನೂ ಒಪ್ಪಿಸಿದ. ಇದು ಕತೆ. ವಿಷ ನುಂಗಿದ ದೇವರಿಗೆ ವೈದ್ಯನ ಬಿರುದು ಸಿಕ್ಕಿದ್ದು ಒಬ್ಬ ಮುಸಲ್ಮಾನ ದೊರೆಯಿಂದ ಎಂಬುದು ಈ ಸೀಮೆಯ ಜನ ಹೆಮ್ಮೆಯಿಂದ ಹೇಳಿಕೊಳ್ಳುವ ಸಂಗತಿ. ನಾವೂ ಹೇಳಿಕೊಂಡವರೇ. ಸೌಹಾರ್ದದ ಸಭೆಗಳಲ್ಲಿ ಮೈಕು ಕೈಗೆ ಬಂದಾಗಲೆಲ್ಲ ಹೇಳಿದ್ದೇವೆ.

ಕಳೆದ ಬಾರಿ ನಂಜನಗೂಡಿಗೆ ಹೋದಾಗ ಕಪಿಲೆಯ ಸೋಪಾನದ ಮೇಲೆ ಕುಳಿತಿದ್ದೆವು. ಹಳ್ಳಿಯ ಮುದುಕಿಯೊಬ್ಬರು ಮೊಮ್ಮಗನನ್ನು ನೀರಿನಲ್ಲಿ ಮುಳುಗಿಸಿ ಎಬ್ಬಿಸುತ್ತಿದ್ದರು. ಹುಡುಗನ ಒಂದು ಕಣ್ಣಿನಲ್ಲಿ ಬಿಳಿ ಹೂವು ಇತ್ತು. ಪಕ್ಕದಲ್ಲಿದ್ದವರು ಅವರಿಗೆ ಅದೇ ಆನೆಯ ಕತೆ ಹೇಳಿ ಧೈರ್ಯ ತುಂಬಿದರು. ಮುದುಕಿ ಎಲ್ಲವನ್ನೂ ಕೇಳಿಸಿಕೊಂಡು, 'ಆನೆಗಾದ್ರೆ ದೊರೆ ಇದ್ದ ಕನಪ್ಪ' ಎಂದರು.

ಆ ಮಾತು ನಮ್ಮನ್ನು ಬಿಡಲಿಲ್ಲ. ಆನೆಗೆ ಕಣ್ಣುಬೇನೆ ಬಂದ ಆ ಕಾಲದಲ್ಲಿ ಈ ಎರಡು ತಾಲ್ಲೂಕುಗಳ ಮನುಷ್ಯರ ಕಣ್ಣು ಹೇಗಿತ್ತು? ಹೊಟ್ಟೆ ಹೇಗಿತ್ತು? ಮೂವತ್ತು ವರ್ಷಗಳ ಅಂತರದಲ್ಲಿ ನಾಲ್ಕು ಯುದ್ಧಗಳನ್ನು ಕಂಡ ನಾಡು ಇದು. ಕೊನೆಯದು ಮುಗಿದದ್ದು 1799ರ ಮೇ 4ರಂದು. ನಮ್ಮ ಪುಸ್ತಕಗಳೂ ಅಲ್ಲಿಗೇ ಮುಗಿಯುತ್ತವೆ. ಯುದ್ಧ ಮುಗಿದ ಮೇಲೆ ಜನರ ಮೈಯಲ್ಲಿ ಅದು ಎಷ್ಟು ಕಾಲ ಉಳಿಯಿತು ಎಂದು ಕೇಳುವ ಒಂದು ಕತೆ, ಒಂದು ನಾಟಕ, ಒಂದು ಲಾವಣಿ ನಮ್ಮ ಓದಿಗೆ ಸಿಕ್ಕಿಲ್ಲ. ಈ ಲೇಖನ ಆ ಕೊರತೆಯ ಬಗ್ಗೆ. ಅದರಲ್ಲಿ ನಮ್ಮ ಪಾಲು ಎಷ್ಟು ಎಂಬುದರ ಬಗ್ಗೆಯೂ.

ಮೊದಲು ನಮ್ಮ ಓದಿನಿಂದಲೇ ಶುರು ಮಾಡೋಣ. ಏಳನೆಯ ತರಗತಿಯವರೆಗೆ ನಾವು ಕಲಿತದ್ದು ಉರ್ದು ಶಾಲೆಯಲ್ಲಿ. ಆ ವಯಸ್ಸಿನಲ್ಲಿ ನಮ್ಮಂಥ ಹುಡುಗರಿಗೆ ನಸೀಮ್ ಹಿಜಾಝಿಯೇ ದೊಡ್ಡ ಕಾದಂಬರಿಕಾರ. 'ಮುಅಝ್ಝಮ್ ಅಲಿ', ಅದರ ಮುಂದಿನ ಭಾಗದಂತಿರುವ 'ಔರ್ ತಲ್ವಾರ್ ಟೂಟ್ ಗಯೀ', ಎರಡನ್ನೂ ರಾತ್ರಿ ಕರೆಂಟು ಹೋದರೆ ಸೀಮೆಎಣ್ಣೆ ದೀಪ ಹಚ್ಚಿಕೊಂಡು ಓದಿದ್ದೇವೆ. ಕುದುರೆ ಓಡುತ್ತದೆ, ಕತ್ತಿ ಮಿಂಚುತ್ತದೆ, ದ್ರೋಹಿ ಪಿಸುಗುಟ್ಟುತ್ತಾನೆ. ಓದಿ ಅತ್ತಿದ್ದೂ ಉಂಟು. ಈಗ ಮತ್ತೆ ತೆರೆದರೆ ಒಂದು ವಿಚಿತ್ರ ಕಾಣಿಸುತ್ತದೆ. ಆ ಲೋಕದಲ್ಲಿ ಸಾಯುವುದೆಂದರೆ ಗಾಯಗೊಂಡು ಸಾಯುವುದು, ಸಾಯುವ ಮುನ್ನ ಒಂದು ಒಳ್ಳೆಯ ಮಾತು ಹೇಳುವುದು. ಭೇದಿ ಹತ್ತಿ ಸತ್ತವರು, ಹಾಲು ಬತ್ತಿದ ತಾಯಂದಿರು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಅವರಿಗೆ ಹುತಾತ್ಮರ ಪಟ್ಟವೂ ಇಲ್ಲ. ಸಿಂಹ, ನರಿಗಳ ಆ ಪ್ರಸಿದ್ಧ ಮಾತನ್ನು ಗೋಡೆಗೆ ಬರೆಸಿಕೊಂಡವರು ನಾವು. ಸಿಂಹವೂ ಅಲ್ಲದ ನರಿಯೂ ಅಲ್ಲದ ರೈತನನ್ನು ಎಲ್ಲಿ ನಿಲ್ಲಿಸಬೇಕೆಂದು ನಮಗೆ ತೋಚಲಿಲ್ಲ.

ಕನ್ನಡಕ್ಕೆ ಬಂದ ಮೇಲೆ ಬೇರೆ ಓದು ಸಿಕ್ಕಿತು. ಗಿರೀಶ್ ಕಾರ್ನಾಡರು ಟಿಪ್ಪುವಿನ ಕನಸುಗಳನ್ನು ಹಿಡಿದು ಬರೆದ ನಾಟಕ ಸುಲ್ತಾನನನ್ನು ಕುದುರೆಯಿಂದ ಕೆಳಗಿಳಿಸಿ ಮನುಷ್ಯನನ್ನಾಗಿ ನೋಡಿತು. ತಂದೆ, ವ್ಯಾಪಾರಿ, ಕನಸುಗಾರ. ಅದು ದೊಡ್ಡ ಕೆಲಸ. ಆದರೂ ಅಲ್ಲಿನ ಕನಸುಗಳು ದೊರೆಯವು, ಒತ್ತೆಯಾಳಾಗಿ ಹೋಗುವ ಮಕ್ಕಳು ದೊರೆಯ ಮಕ್ಕಳು. 2006ರಲ್ಲಿ ಮಂತ್ರಿಯೊಬ್ಬರು ಟಿಪ್ಪುವನ್ನು ಕನ್ನಡ ವಿರೋಧಿ ಎಂದಾಗ ಪತ್ರಿಕೆಯಲ್ಲಿ ಕಾರ್ನಾಡರಿಗೂ ಎಸ್.ಎಲ್. ಭೈರಪ್ಪನವರಿಗೂ ನಡೆದ ವಾಗ್ವಾದ ಹಲವರಿಗೆ ನೆನಪಿರಬಹುದು. ಮರುವರ್ಷವೇ 'ಆವರಣ' ಬಂತು. ಒಂದು ಕಡೆ ಮತಾಂತರದ ಲೆಕ್ಕ, ಇನ್ನೊಂದು ಕಡೆ ದೇವಸ್ಥಾನಗಳಿಗೆ ಕೊಟ್ಟ ದತ್ತಿಯ ಲೆಕ್ಕ. 2015ರಿಂದ ಸರ್ಕಾರವೇ ಟಿಪ್ಪು ಜಯಂತಿ ಆಚರಿಸಿತು, 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ನಡುವೆ ಮಡಿಕೇರಿಯಲ್ಲಿ ಸಾವೂ ಆಯಿತು. ಇಷ್ಟೆಲ್ಲ ಗದ್ದಲದಲ್ಲಿ ಸತ್ತವರ ಸಂಖ್ಯೆಯನ್ನು ಎರಡೂ ಕಡೆಯವರು ಎಸೆದಾಡಿದರು. ಬದುಕಿ ಉಳಿದವರ ಆರೋಗ್ಯ ಏನಾಯಿತೆಂದು ಕೇಳಲಿಲ್ಲ.

ಹಾಗಾದರೆ ಕೇಳಿದವರು ಯಾರೂ ಇಲ್ಲವೇ? ಒಬ್ಬ ಇದ್ದಾನೆ. ಬೇಸರದ ಸಂಗತಿಯೆಂದರೆ ಅವನು ಗೆದ್ದವರ ಕಡೆಯವನು. ಫ್ರಾನ್ಸಿಸ್ ಬುಕನನ್, ಸ್ಕಾಟ್ಲೆಂಡಿನವನು, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿ ಅವನನ್ನು ಹೊಸದಾಗಿ ಕೈಗೆ ಬಂದ ಸೀಮೆಯನ್ನು ನೋಡಿ ವರದಿ ಮಾಡಲು ಕಳಿಸಿದ. ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ. ಆ ವರ್ಷ ಮಳೆಗಾಲ ಕಳೆಯುವ ಹೊತ್ತಿಗೆ ಕಾವೇರಿಯ ದಕ್ಷಿಣದ ಪ್ರದೇಶಕ್ಕೆ ಬಂದು ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳನ್ನು ಕಂಡು, ನಂಜನಗೂಡು, ತಾಯೂರು, ನರಸೀಪುರದ ದಾರಿ ಹಿಡಿದ. ಅವನ ಪ್ರವಾಸ ಕಥನ ಮೂರು ಸಂಪುಟಗಳಲ್ಲಿ 1807ರಲ್ಲಿ ಅಚ್ಚಾಯಿತು. ಅದರಲ್ಲಿ ಊರೂರಿನ ಮಣ್ಣು, ಬೆಳೆ, ಕಂದಾಯ, ನೇಗಿಲಿನ ಬಗ್ಗೆ ಬರೆಯುತ್ತಾನೆ. ಹಾಳುಬಿದ್ದ ಮನೆ, ಬೀಡುಬಿದ್ದ ಹೊಲಗಳನ್ನೂ ಬರೆಯುತ್ತಾನೆ.

ಅವನನ್ನು ಎಚ್ಚರದಿಂದ ಓದಬೇಕು. ಟಿಪ್ಪುವಿನ ಆಳ್ವಿಕೆ ಕೆಟ್ಟದ್ದು, ಕಂಪನಿಯದು ಒಳ್ಳೆಯದು ಎಂದು ತೋರಿಸಿದರೆ ಅವನ ಯಜಮಾನರಿಗೆ ಹಿತ. ಆದರೆ ಅವನು ವೈದ್ಯ. ಹಸಿದ ಮೈ ಕಂಡರೆ ಹಸಿದ ಮೈ ಎಂದು ಬರೆಯುವ ರೂಢಿ ಅವನಿಗಿತ್ತು. ಬೆಂಗಳೂರಿನಿಂದ ಶ್ರೀರಂಗಪಟ್ಟಣದ ದಾರಿಯಲ್ಲಿ ಅವನಿಗೆ ಜನ ಹೇಳಿದ್ದು ಇದು: ಕಾರ್ನ್‌ವಾಲಿಸನ ಸೈನ್ಯ ಬಂದಾಗ ಸುಲ್ತಾನ ಬಯಲಿನ ಊರುಗಳನ್ನು ಖಾಲಿ ಮಾಡಿಸಿದ, ಶತ್ರುವಿಗೆ ಹುಲ್ಲುಕಡ್ಡಿಯೂ ಸಿಗದಂತೆ ಮಾಡಿಸಿದ, ಜನ ಕಾಡು ಸೇರಿದರು, ಅಲ್ಲಿ ಗುಡಿಸಲು ಹಾಕಿಕೊಂಡು ಸಿಕ್ಕಿದ್ದು ತಿಂದರು, ಅವರಲ್ಲಿ ಬಹಳ ಮಂದಿ ಹಸಿವಿನಿಂದಲೂ ಹಸಿವು ತಂದ ಕಾಯಿಲೆಗಳಿಂದಲೂ ಸತ್ತರು. ಪಿರಿಯಾಪಟ್ಟಣದಲ್ಲಿ ಹುಲಿಗಳು ಸೇರಿಕೊಂಡ ಹಾಳೂರನ್ನು ಅವನು ಕಂಡ. ಆ ಕಡೆಯಿಂದ ಬಂದದ್ದು ಅಬರ್‌ಕ್ರಾಂಬಿಯ ಸೈನ್ಯ.

ಇಲ್ಲಿ ನಮ್ಮವರು ಮುಖ ತಿರುಗಿಸುವುದುಂಟು. ಯಾಕೆಂದರೆ ನಮ್ಮ ವಕೀಲಿ ಚೀಲದಲ್ಲಿರುವ ಕಾಗದಗಳೇ ಬೇರೆ. 1791ರಲ್ಲಿ ಮರಾಠರು ಶೃಂಗೇರಿ ಮಠವನ್ನು ಲೂಟಿ ಮಾಡಿದ್ದು, ಟಿಪ್ಪು ಸ್ವಾಮಿಗಳಿಗೆ ಬರೆದ ಪತ್ರಗಳು, ನಂಜನಗೂಡಿನ ಲಿಂಗ, ರಾಕೆಟ್ಟು, ರೇಷ್ಮೆ. ಎಲ್ಲವೂ ನಿಜ. ಕಟಕಟೆಯಲ್ಲಿ ನಿಲ್ಲಿಸಿದವನು ತನ್ನ ಪರವಾದ ಕಾಗದಗಳನ್ನು ತಾನೆ ತೋರಿಸುವುದು? ಆದರೆ ಅದೇ 1791ರಲ್ಲಿ ಈ ಬಯಲನ್ನು ಬರಿದು ಮಾಡಿಸಿದ ಆಜ್ಞೆ ನಮ್ಮ ಸುಲ್ತಾನನದೂ ಹೌದು ಎಂದು ನಾವೇ ಹೇಳದಿದ್ದರೆ ಯಾರು ಹೇಳಬೇಕು? 1784ರಲ್ಲಿ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದಾಗ ದಾರಿಯಲ್ಲಿ, ಸೆರೆಯಲ್ಲಿ ಸತ್ತವರೂ ಇದೇ ಲೆಕ್ಕಕ್ಕೆ ಸೇರಬೇಕು. ಕಾಡಿಗೆ ಹೋಗಿ ಗೆಣಸು ಅಗೆದು ತಿಂದವರಲ್ಲಿ ಒಕ್ಕಲಿಗರು, ಹೊಲೆಯರು, ಉಪ್ಪಾರರು, ಪಿಂಜಾರರು ಇರದೇ ಇರಲು ಸಾಧ್ಯವೆ? ಬೆಂಕಿ ಹಚ್ಚಿಸಿದವನು ಸ್ವದೇಶಿಯೋ ಪರದೇಶಿಯೋ ಎಂಬುದರಿಂದ ಗುಡಿಸಲು ಉರಿಯುವ ರೀತಿ ಬದಲಾಗುವುದಿಲ್ಲ.

ಆ ಕಡೆಯ ಸೈನ್ಯವೇನು ಕಡಿಮೆಯೆ? 1791ರ ಮೇ ತಿಂಗಳಲ್ಲಿ ಅರಕೆರೆಯ ಬಳಿ ಕಾಳಗ ಗೆದ್ದರೂ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಮುಂದೆ ನಿಲ್ಲಲಾರದೆ ಹಿಂದಿರುಗಿದ. ದವಸವಿರಲಿಲ್ಲ, ಎಳೆಯುವ ಎತ್ತುಗಳು ಸಾವಿರ ಸಾವಿರ ಸತ್ತುಬಿದ್ದಿದ್ದವು, ಕೋಟೆ ಒಡೆಯುವ ಫಿರಂಗಿಗಳನ್ನೇ ನಾಶಮಾಡಿ ಬಿಟ್ಟುಹೋಗಬೇಕಾಯಿತು. ಪಾಳೆಯದಲ್ಲಿ ಸಿಡುಬು ಎದ್ದಿತ್ತು. ಆ ಕಾಲದ ಸೈನ್ಯವೆಂದರೆ ನಡೆದಾಡುವ ಒಂದು ದೊಡ್ಡ ಊರು. ಸಿಪಾಯಿಗಳಿಗಿಂತ ಹಲವು ಪಟ್ಟು ಹೆಚ್ಚು ಹಿಂಬಾಲಕರು. ಲಂಬಾಣಿಗಳು, ಅಂಗಡಿಯವರು, ಹುಲ್ಲು ಕೊಯ್ಯುವವರು, ಅವರ ಹೆಂಡಿರು ಮಕ್ಕಳು. ಸಿಡುಬು ಅಂಥ ಊರಿನಲ್ಲಿ ಎದ್ದರೆ ಡೇರೆಯ ಹಗ್ಗಕ್ಕೆ ಕಟ್ಟಿಹಾಕಿ ನಿಲ್ಲಿಸಲು ಬರುವುದಿಲ್ಲ. ದಾರಿಯ ಬಾವಿ, ದಾರಿಯ ಛತ್ರ, ದಾರಿಯ ಮಗು.

ಸಿಡುಬು ಎಂದರೆ ನಮ್ಮ ತಲೆಮಾರಿಗೆ ತೋಳಿನ ಮೇಲಿನ ಅಪ್ಪನ ಗುರುತು ಮಾತ್ರ. ಅದು ಕೊಂದದ್ದಲ್ಲದೆ ಕುರುಡು ಮಾಡುತ್ತಿತ್ತು ಎಂಬುದನ್ನು ಮರೆತಿದ್ದೇವೆ. ಬದುಕಿ ಉಳಿದ ಎಷ್ಟೋ ಮಕ್ಕಳ ಕಣ್ಣುಗುಡ್ಡೆಯ ಮೇಲೆ ಬಿಳಿ ಪೊರೆ ಉಳಿಯುತ್ತಿತ್ತು. ಲಸಿಕೆ ವ್ಯಾಪಕವಾಗುವ ಮುನ್ನ ಈ ದೇಶದಲ್ಲಿ ಕಣ್ಣು ಕಳೆದುಕೊಳ್ಳಲು ಇದ್ದ ದೊಡ್ಡ ಕಾರಣಗಳಲ್ಲಿ ಅದೂ ಒಂದು. ನಮಗೆ ಆನೆಯ ಕತೆ ಇಲ್ಲಿಯೇ ಚುಚ್ಚುವುದು. ನಾವು ಆ ಕತೆಯನ್ನು ತಪ್ಪೆನ್ನುತ್ತಿಲ್ಲ. ಆನೆಯ ಒಂದು ಜೊತೆ ಕಣ್ಣಿಗೆ ಎರಡು ಶತಮಾನ ದಾಟಿದ ನೆನಪು ಸಿಕ್ಕಿದೆ. ಯುದ್ಧದ ಹಿಂದೆ ಬಂದ ಸಿಡುಬಿನಲ್ಲಿ ಹೋದ ಕಣ್ಣುಗಳಿಗೆ ಒಂದು ಗಾದೆಯೂ ಸಿಕ್ಕಿಲ್ಲ.

ಕೊನೆಯ ಯುದ್ಧದ ದಾರಿಯಂತೂ ನಮ್ಮ ತಾಲ್ಲೂಕಿನೊಳಗೇ ಹಾದಿದೆ. 1799ರ ಮಾರ್ಚ್ 27ರಂದು ಮಳವಳ್ಳಿಯಲ್ಲಿ ಕಾಳಗವಾಯಿತು. ಜನರಲ್ ಹ್ಯಾರಿಸ್ ಹಿಂದಿನ ಬಾರಿಯಂತೆ ಅರಕೆರೆಯ ದಾರಿ ಹಿಡಿಯುತ್ತಾನೆಂದು ಟಿಪ್ಪು ಎಣಿಸಿದ್ದ. ಹ್ಯಾರಿಸ್ ತಿರುಗಿ ಸೋಸಲೆಯ ಬಳಿ ಕಾವೇರಿಯನ್ನು ದಾಟಿದ. ಸೋಸಲೆ ಎಂದರೆ ಇಂದು ಜನಕ್ಕೆ ವ್ಯಾಸರಾಜ ಮಠ ನೆನಪಾಗುತ್ತದೆ, ಸಂಗಮದ ಪುಣ್ಯಸ್ನಾನ ನೆನಪಾಗುತ್ತದೆ. ನಮಗೆ ಹೊಳೆ ಕಂಡಾಗಲೆಲ್ಲ ದಾಟುತ್ತಿರುವ ಎತ್ತುಗಳ ಸಾಲು ಕಾಣುತ್ತದೆ. ಯಾರ ಕೊಟ್ಟಿಗೆಯ ಎತ್ತುಗಳು? ಎತ್ತು ಹೋದರೆ ಆ ವರ್ಷದ ಉಳುಮೆ ಹೋಯಿತು, ಉಳುಮೆ ಹೋದರೆ ಮುಂದಿನ ವರ್ಷದ ಬಿತ್ತನೆ ಬೀಜ ಹೋಯಿತು. ಒಂದು ಜೊತೆ ಎತ್ತು ಮತ್ತೆ ಕಟ್ಟಲು ಒಕ್ಕಲು ಮನೆಗೆ ಎಷ್ಟು ವರ್ಷ ಬೇಕೆಂದು ಹಳ್ಳಿಯಲ್ಲಿ ಬೆಳೆದ ಯಾರನ್ನಾದರೂ ಕೇಳಿ. ಯುದ್ಧ ಕೊಟ್ಟಿಗೆಯಿಂದ ಹೊಲಕ್ಕೆ, ಹೊಲದಿಂದ ಒಲೆಗೆ, ಒಲೆಯಿಂದ ಬಾಣಂತಿಯ ಕೋಣೆಗೆ ನಡೆದುಬರುವ ದಾರಿ ಇದು. ಫಿರಂಗಿಯ ಸದ್ದು ನಿಂತ ಮೇಲೇ ಈ ನಡಿಗೆ ಶುರುವಾಗುವುದು.

ಶ್ರೀರಂಗಪಟ್ಟಣದ ಗತಿಯನ್ನೇ ನೋಡಿ. ಬುಕನನ್ ಪ್ರಕಾರ ಟಿಪ್ಪುವಿನ ಕಾಲದಲ್ಲಿ ಅಲ್ಲಿ ಒಂದೂವರೆ ಲಕ್ಷ ಜನ; ಅವನು ಬಂದಾಗ ಸುಮಾರು 32 ಸಾವಿರ. ಗೆದ್ದವರು ಅಲ್ಲಿಯೇ ದಂಡು ಇಟ್ಟರು. ಚಳಿಜ್ವರ ಅವರನ್ನು ಬಿಡಲಿಲ್ಲ. 1809ರಲ್ಲಿ ದಂಡನ್ನು ಬೆಂಗಳೂರಿಗೆ ಸಾಗಿಸಿದರು. ಇಂದಿನ ಬೆಂಗಳೂರಿನ ದಂಡು ಪ್ರದೇಶ, ಅದರ ಬೇಕರಿಗಳು, ಉರ್ದು ಮಾತಾಡುವ ಗಲ್ಲಿಗಳು ಹುಟ್ಟಿದ್ದರ ಹಿಂದೆ ಕಾವೇರಿ ದಡದ ಸೊಳ್ಳೆಯ ಪಾತ್ರವೂ ಇದೆ! ಸಾಹೇಬರ ಸಿಪಾಯಿಗಳಿಗೆ ಹೋಗಲು ಬೆಂಗಳೂರಿತ್ತು. ಹೊಳೆದಂಡೆಯ ಒಕ್ಕಲಿಗೆ ಹೋಗಲು ಜಾಗವಿರಲಿಲ್ಲ. ಒಡೆದ ಕಾಲುವೆ, ನಿಂತ ನೀರು, ಸೊರಗಿದ ಮೈ. ಜ್ವರಕ್ಕೆ ಇದಕ್ಕಿಂತ ಒಳ್ಳೆಯ ಮನೆ ಇನ್ನೇನು ಬೇಕು?

ಒಂದು ಚಿತ್ರದ ಬಗ್ಗೆ ಹೇಳದೆ ಮುಂದೆ ಹೋಗಲಾರೆವು. 1805ರಲ್ಲಿ ತಾಮಸ್ ಹಿಕಿ ಎಂಬ ಐರಿಷ್ ಕಲಾವಿದ ಮೈಸೂರಿನಲ್ಲಿ ಮೂವರು ಹೆಂಗಸರ ಚಿತ್ರ ಬರೆದ. ನೈಜೆಲ್ ಚಾನ್ಸಲರ್ ಎಂಬ ಇತಿಹಾಸಕಾರರು ಅದನ್ನು ಓದಿರುವ ಪ್ರಕಾರ ಅವರು ಒಡೆಯರ ಅರಮನೆಯ ಹೆಂಗಸರು. ಅವರಲ್ಲಿ ಒಬ್ಬಳು ಸೀರೆಯ ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಸಿಡುಬಿನ ಹೊಸ ಲಸಿಕೆ ಹಾಕಿಸಿಕೊಂಡ ಜಾಗವನ್ನು. ಜೆನ್ನರನ ಲಸಿಕೆ ಮುಂಬಯಿಗೆ ಬಂದು ಆಗ ಮೂರು ವರ್ಷವಷ್ಟೇ. ಅರಮನೆಯೇ ಚುಚ್ಚಿಸಿಕೊಂಡಿದೆ, ನೀವೂ ಬನ್ನಿ ಎಂದು ಜನರಿಗೆ ಹೇಳುವ ಚಿತ್ರವದು ಎಂಬುದು ಅವರ ವಾದ. ಒಪ್ಪುವುದಾದರೆ, ಯುದ್ಧ ಮುಗಿದ ಆರು ವರ್ಷಕ್ಕೆ ಮೈಸೂರಿನ ಆರೋಗ್ಯದ ಬಗ್ಗೆ ಉಳಿದಿರುವ ಅತ್ಯಂತ ಸ್ಪಷ್ಟ ದಾಖಲೆ ಒಬ್ಬ ಹೆಣ್ಣುಮಗಳ ತೋಳು. ನಮ್ಮ ಚರಿತ್ರೆಯ ಪಾಠಪುಸ್ತಕಗಳಲ್ಲಿ ಕತ್ತಿ ಹಿಡಿದ ತೋಳುಗಳಿವೆ. ಈ ತೋಳಿಗೆ ಜಾಗ ಸಿಕ್ಕಿದ್ದನ್ನು ನಾವು ಕಂಡಿಲ್ಲ.

ಯುದ್ಧ ಬಾಗಿಲಿಗೇ ಬರಬೇಕೆಂದೇನೂ ಇಲ್ಲ. ನಮ್ಮ ದಾದಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಹನ್ನೆರಡು ಹದಿಮೂರು ವರ್ಷದ ಹುಡುಗಿ. ಗುಂಡಿನ ಸದ್ದು ಕೇಳಿದವರಲ್ಲ. ಆದರೂ ಸಾಯುವವರೆಗೆ 'ಜಂಗ್ ಕೆ ದಿನಾಂ' ಎನ್ನುತ್ತಿದ್ದರು. 1942ರಲ್ಲಿ ಬರ್ಮಾ ಜಪಾನಿನ ಕೈಸೇರಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಮರುವರ್ಷ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿದು ಸತ್ತರು. ಇಲ್ಲಿ ಹಾಗಾಗಲಿಲ್ಲ; ರೇಷನ್ನು, ಲೆವಿ, ಅಳೆದು ಹಾಕುವ ಅನ್ನ. ಹೊಳೆಸಾಲಿನ ಭತ್ತದ ಸೀಮೆಯಲ್ಲಿದ್ದುಕೊಂಡೂ ಮನೆಯಲ್ಲಿ ಅಂಬಲಿಯೇ ಗತಿಯಾಗಿತ್ತಂತೆ. ಮೊದಲು ಗಂಡಸರು, ಆಮೇಲೆ ಗಂಡುಮಕ್ಕಳು, ಉಳಿದರೆ ಹೆಣ್ಣುಮಕ್ಕಳು. ದಾದಿ ನಮ್ಮ ತಟ್ಟೆಯಲ್ಲಿ ಉಳಿದ ಒಂದೊಂದು ಅಗುಳನ್ನೂ ಎಣಿಸಿದಂತೆ ನೋಡುತ್ತಿದ್ದರು. ಗಿಡ್ಡ ಹೆಂಗಸು, ಸಣ್ಣ ಮೂಳೆ. ಅವರಿಗೆ ಹುಟ್ಟಿದ ನಮ್ಮ ತಂದೆ ಬಹಳ ಸಣ್ಣ ಕೂಸಾಗಿದ್ದರಂತೆ. ಐವತ್ತೈದಕ್ಕೆ ಅವರ ಎದೆ ಹಿಡಿಯಿತು.

ಎರಡಕ್ಕೂ ಸಂಬಂಧವಿದೆಯೆ? ಹೇಳಲು ನಾವು ವೈದ್ಯರಲ್ಲ. ಆದರೆ ಅಂಥ ಪ್ರಶ್ನೆಯನ್ನು ಮೈಸೂರಿನಲ್ಲೇ ಕೇಳಿದವರಿದ್ದಾರೆ. ಜನ ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಇಂಗ್ಲೆಂಡಿನ ಡೇವಿಡ್ ಬಾರ್ಕರ್, ಕೆರೋಲಿನ್ ಫಾಲ್ ಮುಂತಾದವರು ಇಲ್ಲಿನ ವೈದ್ಯರ ಜೊತೆ ಸೇರಿ ಆ ಹಳೆಯ ಪುಸ್ತಕಗಳನ್ನು ತೆಗೆದು, ಆಗ ಹುಟ್ಟಿ ಮಧ್ಯವಯಸ್ಸು ದಾಟಿದ್ದ 517 ಮಂದಿಯನ್ನು ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ ಇದು: ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ಕಾಯಿಲೆ; ಮೂರು ಕಿಲೋ ಇನ್ನೂರು ಗ್ರಾಮಿಗೆ ಮೇಲಿದ್ದವರಲ್ಲಿ ನೂರಕ್ಕೆ 3. ಇದು ಯುದ್ಧದ ಅಧ್ಯಯನವಲ್ಲ, ಹಾಗೆಂದು ತಿಳಿಯಬಾರದು. ಅದು ಕೊಡುವ ತಿಳಿವಳಿಕೆ ಇಷ್ಟು: ತಾಯಿಯ ಹೊಟ್ಟೆಯಲ್ಲಿ ಆದ ಕೊರತೆ ಐವತ್ತು ವರ್ಷ ಬಿಟ್ಟು ಮಗನ ಎದೆಯಲ್ಲಿ ಲೆಕ್ಕ ಕೇಳಬಹುದು. 1944-45ರ ಚಳಿಗಾಲದಲ್ಲಿ ಜರ್ಮನರು ಆಹಾರ ತಡೆದಾಗ ಹಾಲೆಂಡಿನಲ್ಲಿ ಬಸುರಿಯರಾಗಿದ್ದವರ ಮಕ್ಕಳ ಮೇಲೆ ನಡೆದ ಅಧ್ಯಯನಗಳೂ ಇದೇ ದಿಕ್ಕು ತೋರುತ್ತವೆ. ಗಾಝಾದಲ್ಲಿ 25 ವರ್ಷ ಇಲ್ಲದಿದ್ದ ಪೋಲಿಯೋ 2024ರ ಆಗಸ್ಟಿನಲ್ಲಿ ಹತ್ತು ತಿಂಗಳ ಕೂಸಿನ ಕಾಲಿನಲ್ಲಿ ಕಾಣಿಸಿಕೊಂಡಿತು. ಅಲ್ಲಿನ ಬಸುರಿಯರ ಲೆಕ್ಕ ಕೈಗೆ ಬರಲು ಇನ್ನೂ ಐವತ್ತು ವರ್ಷ ಬೇಕು. ಹಾಗಿದ್ದರೆ 1791ರ ಕಾಡಿನಲ್ಲಿ ಗೆಣಸು ತಿಂದು ಹೆತ್ತವರ ಮಕ್ಕಳು?

ಇದನ್ನು ಬರೆಯುವ ವಿದ್ಯೆ ಕನ್ನಡಕ್ಕೆ ಗೊತ್ತಿಲ್ಲ ಎಂದಲ್ಲ. ನಂಜನಗೂಡು ತಾಲ್ಲೂಕಿನ ದೇವನೂರಿನಿಂದಲೇ ದೇವನೂರ ಮಹಾದೇವ ಬಂದರು, 'ಒಡಲಾಳ' ಬಂತು. ಅಲ್ಲಿ ಯುದ್ಧವಿಲ್ಲ, ದೊರೆಯಿಲ್ಲ. ಸಾಕವ್ವನ ಮನೆಯವರು ಒಂದು ರಾತ್ರಿ ಕದ್ದು ತಂದ ಕಡಲೆಕಾಯಿ ತಿನ್ನುತ್ತಾರೆ. ಆ ತಿನ್ನುವಿಕೆಯಲ್ಲಿ ತಲೆಮಾರುಗಳ ಹಸಿವಿದೆ ಎಂದು ಓದಿದವರಿಗೆ ಗೊತ್ತಾಗುತ್ತದೆ. ಮಹಾದೇವ ಅದನ್ನು ವಿವರಿಸಲು ಹೋಗುವುದಿಲ್ಲ. ನಮ್ಮ ಯುದ್ಧದ ಬರಹಗಳು ಸೋತಿರುವುದು ಇಲ್ಲಿ. ಅವು ಕೋಟೆಯ ಗೋಡೆಯಿಂದ ನೋಡುತ್ತವೆ, ಅಡುಗೆಮನೆಯ ಹೊಸ್ತಿಲಿನಿಂದ ನೋಡುವುದಿಲ್ಲ. ದಲಿತ ಬರಹ ಕಲಿಸಿದ ಈ ನೋಟವನ್ನು ಮುಸ್ಲಿಂ ಕತೆಗಾರರು ಬುರ್ಖಾ, ತಲಾಖ್, ಕೋಮುಗಲಭೆಯ ವಿಷಯಗಳಿಗೆ ತಂದುಕೊಂಡರು. ಚರಿತ್ರೆಗೆ ಬಂದಾಗ ಮಾತ್ರ ನಾವು ಮತ್ತೆ ಹಿಜಾಝಿಯ ಕುದುರೆ ಏರುತ್ತೇವೆ. ಕಾರಣ ಗೊತ್ತಿದೆ. ಟಿಪ್ಪುವಿನ ಬಗ್ಗೆ ಒಂದು ಕೆಟ್ಟ ಸಾಲು ಬರೆದರೆ ಅದನ್ನು ನಾಳೆ ಯಾರು ಯಾವ ಭಾಷಣದಲ್ಲಿ ಎತ್ತಿಕೊಳ್ಳುತ್ತಾರೋ ಎಂಬ ಭಯ. ಭಯ ಸುಳ್ಳಲ್ಲ. ಆದರೆ ಭಯದಲ್ಲಿ ಬರೆದ ಕತೆಯಲ್ಲಿ ವಾದ ಇರುತ್ತದೆ, ಜನ ಇರುವುದಿಲ್ಲ.

ಹಿಂದೊಮ್ಮೆ ನಾವೇ ಪ್ರಯತ್ನ ಮಾಡಿದ್ದೆವು. ಸೋಸಲೆಯ ಹೊಳೆ ದಾಟುವ ಸೈನ್ಯವನ್ನು ದಡದ ಹೆಂಗಸೊಬ್ಬಳು ನೋಡುವ ಕತೆ. ಅವಳ ಸೊಂಟದಲ್ಲಿ ಮೈತುಂಬ ಅಮ್ಮ ಎದ್ದ ಮಗು. ಒಂದು ಪತ್ರಿಕೆ ಅದನ್ನು ಹಿಂದಿರುಗಿಸಿತು. ಇದರಲ್ಲಿ ಸುಲ್ತಾನರು ಎಲ್ಲಿ ಎಂದು ಒಕ್ಕಣೆಯಿತ್ತು. ಇನ್ನೊಂದಕ್ಕೆ ಕಳಿಸಿದೆವು. ಅವರು ಫೋನು ಮಾಡಿ, ಹೆಂಗಸು ಹಿಂದೂವೋ ಮುಸ್ಲಿಮಳೋ ಎಂಬುದು ಸ್ಪಷ್ಟವಾಗುವುದಿಲ್ಲವಲ್ಲ ಸಾರ್, ಓದುಗರಿಗೆ ಗೊಂದಲವಾಗುತ್ತದೆ ಎಂದರು. ತಿದ್ದಲು ಕುಳಿತೆವು. ಒಂದು ಸಂಜೆ ಅವಳಿಗೆ ಬಳೆ ತೊಡಿಸಿದೆವು, ಮರುದಿನ ತಾಯಿತ ಕಟ್ಟಿದೆವು. ಮಗುವಿನ ಕಣ್ಣು ಎರಡು ಪ್ರತಿಗಳಲ್ಲೂ ಮುಚ್ಚಿಕೊಂಡೇ ಇತ್ತು. ಹಸ್ತಪ್ರತಿ ಈಗಲೂ ಟ್ರಂಕಿನಲ್ಲಿದೆ. ಮೊನ್ನೆ ನಂಜನಗೂಡಿನಿಂದ ಬಂದ ರಾತ್ರಿ ತೆಗೆದು, ಬಳೆಯನ್ನೂ ತಾಯಿತವನ್ನೂ ಹೊಡೆದುಹಾಕಿ, ಹೊಳೆಯ ಆಚೆ ದಡದಿಂದ ಮತ್ತೆ ಬರೆಯಲು ಶುರುಮಾಡಿದ್ದೇವೆ.